ಒಬ್ಬರೇ ಇಬ್ಬರಾಗುವುದು ಹೇಗೆ?

ಮಕ್ಕಳೇ, 1977ರ ‘ಬಬ್ರುವಾಹನ’ ಚಿತ್ರದಲ್ಲಿ ಅರ್ಜುನನೂ ಡಾ. ರಾಜ್‌ಕುಮಾರ್, ಮಗ ಬಬ್ರುವಾಹನನೂ ಅವರೇ! ಫಿಲ್ಮ್ ಕಾಲದಲ್ಲಿ ಇಂಥ ದೃಶ್ಯಗಳಿಗೆ ಒಂದು ಉಪಾಯವಿತ್ತು. ಮಸೂರದ ಮುಂದೆ ಎಡ ಅರ್ಧವನ್ನು ಮುಚ್ಚಿ ಚಿತ್ರಿಸುವುದು. ಬೆಳಕು ತಾಗದ ಫಿಲ್ಮಿನ ಭಾಗ ಹಾಗೆಯೇ ಉಳಿಯುತ್ತದೆ. ಆಮೇಲೆ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಬಲ ಅರ್ಧ ಮುಚ್ಚಿ, ವೇಷ ಬದಲಿಸಿದ ಅದೇ ನಟರನ್ನು ಎಡಕ್ಕೆ ನಿಲ್ಲಿಸಿ ಮತ್ತೆ ಚಿತ್ರಿಸುವುದು.

ಈಗ ಮೊಬೈಲಿನಲ್ಲಿ ಎರಡು ಸಲ ಚಿತ್ರಿಸಿ, ಅರ್ಧರ್ಧ ಜೋಡಿಸಿದರಾಯಿತು. ಆದರೆ ಗೊರಗುಂಟೆಪಾಳ್ಯದ ಮಕ್ಕಳೊಡನೆ ನಾನು ಮಾಡಿದ ಮೊದಲ ಯತ್ನ ಕೆಟ್ಟಿತು. ನಡುವೆ ಮೋಡ ಬಂದು, ಗೋಡೆ ಅರ್ಧ ಬೆಳ್ಳಗೆ, ಅರ್ಧ ಮಂಕು! ನೀವು ಬೇಗ ಮುಗಿಸಿ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಇಟ್ಟಿಗೆಗಳ ನಡುವೆ ಸಿಕ್ಕಿಸಿಡಿ.

ಎರಡನೆಯ ಸಲ ಒಬ್ಬ ಹುಡುಗಿ ತನಗೆ ತಾನೇ ಚಾಕ್‌ಪೀಸ್ ಕೊಡಹೋದಳು. ನಡುಗೆರೆ ದಾಟಿದ ಮುಂಗೈ ಮಾಯ! ಏಕೆ, ಹೇಳಿ ನೋಡೋಣ?