ಜೈಲು ಸಿಬ್ಬಂದಿಯ ಬಲಪ್ರಯೋಗ: ಮಂಡೇಲಾ ನಿಯಮ 82

ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ 1955ರ ಕನಿಷ್ಠ ನಿಯಮಗಳನ್ನು ಪರಿಷ್ಕರಿಸಿ, ವಿಶ್ವಸಂಸ್ಥೆಯ ಮಹಾಸಭೆ 2015ರ ಡಿಸೆಂಬರ್ 17ರಂದು ಅಂಗೀಕರಿಸಿತು. ಒಟ್ಟು ನಿಯಮಗಳು 122. ಹೆಸರು ನೆಲ್ಸನ್ ಮಂಡೇಲಾ ಅವರದು.

ಪರೀಕ್ಷೆಗೆ ಮುಖ್ಯವಾದದ್ದು ನಿಯಮ 82. ಆತ್ಮರಕ್ಷಣೆ, ಪರಾರಿಯ ಯತ್ನ, ಕಾನೂನುಬದ್ಧ ಆದೇಶಕ್ಕೆ ದೈಹಿಕ ಪ್ರತಿರೋಧ: ಈ ಮೂರು ಸಂದರ್ಭಗಳಲ್ಲಷ್ಟೇ ಸಿಬ್ಬಂದಿ ಬಲ ಬಳಸಬಹುದು. ಅದೂ ತೀರಾ ಅಗತ್ಯವಿದ್ದಷ್ಟೇ. ಬಳಸಿದ ಕೂಡಲೇ ಜೈಲಿನ ಮುಖ್ಯಸ್ಥರಿಗೆ ವರದಿ ಕೊಡಬೇಕು (ಈ ಅಂಶವನ್ನು ಅಭ್ಯರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ). ಕೈದಿಗಳ ನೇರ ಸಂಪರ್ಕದಲ್ಲಿರುವವರ ಬಳಿ, ವಿಶೇಷ ಸಂದರ್ಭ ಬಿಟ್ಟರೆ, ಆಯುಧ ಇರಕೂಡದು. ಸರಪಳಿ, ಕಬ್ಬಿಣದ ಬೇಡಿಗಳಿಗೆ ನಿಯಮ 47ರ ನಿಷೇಧವಿದೆ.

ಭಾರತದಲ್ಲಿ ಸುನಿಲ್ ಬಾತ್ರಾ ಪ್ರಕರಣ (1978) ನೆನಪಿರಲಿ. ಅದರಲ್ಲಿ, ತಿಹಾರ್ ಜೈಲಿನಲ್ಲಿ ಚಾರ್ಲ್ಸ್ ಶೋಭರಾಜ್ ಎಂಬ ಕೈದಿಗೆ ಹಗಲೂ ರಾತ್ರಿ ಕಾಲುಬೇಡಿ ತೊಡಿಸಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೈಕೋಳದ ಪ್ರಶ್ನೆ ಬಂದರೆ ಉತ್ತರ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣ, 1980.