ಮಗು ತಡವಾದರೆ ನೀವು ತಡಮಾಡಬೇಡಿ

"ಅವರಪ್ಪನೂ ತಡವಾಗೇ ನಡೆದಿದ್ದು, ತಾನೇ ಸರಿಹೋಗ್ತತಿ ಬಿಡವ್ವ." ಬಿಳಿಚೋಡು, ಸೊಕ್ಕೆ, ಅಣಬೂರು, ಜಗಳೂರು ತಾಲ್ಲೂಕಿನ ಯಾವ ಊರಿಗೆ ಹೋದರೂ ಈ ಮಾತು ಕೇಳುತ್ತದೆ. ಹೇಳುವವರದು ಒಳ್ಳೆಯ ಮನಸ್ಸೇ. ಆದರೆ ಕತ್ತು ನಿಲ್ಲದ, ಕೂರದ, ನಿಲ್ಲದ ಎಷ್ಟೋ ಮಕ್ಕಳ ಅತ್ಯಮೂಲ್ಯ ತಿಂಗಳುಗಳನ್ನು ಈ ಮಾತೇ ನುಂಗಿಹಾಕಿದೆ. ಎರಡು ವರ್ಷ ತುಂಬುವ ಹೊತ್ತಿಗೆ ಮಗುವಿನ ಮಿದುಳು ದೊಡ್ಡವರ ಮಿದುಳಿನ ಮುಕ್ಕಾಲು ಭಾಗದಷ್ಟು ಬೆಳೆದಿರುತ್ತದೆ. ಹೊಸದನ್ನು ಕಲಿಯುವ, ಪೆಟ್ಟಾದ ಜಾಗದ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿಕೊಳ್ಳುವ ಶಕ್ತಿ ಆಗಲೇ ಹೆಚ್ಚು. ಮಳೆಯನ್ನೇ ನಂಬಿದ ಈ ಸೀಮೆಯ ರೈತರಿಗೆ ಹದ ತಪ್ಪಿದ ಬಿತ್ತನೆ ಏನೆಂದು ಹೇಳಿಕೊಡಬೇಕಿಲ್ಲ. ಮಗುವಿನ ಫಿಜಿಯೋಥೆರಪಿಗೂ ಹದ ಇದೆ.

1. ತಿಂಗಳ ಲೆಕ್ಕ ಬಾಯಿಪಾಠ ಇರಲಿ

ನಾಲ್ಕು ತಿಂಗಳ ಹೊತ್ತಿಗೆ ಕತ್ತು ನಿಲ್ಲಬೇಕು. ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೂರರಲ್ಲಿ 99 ಮಕ್ಕಳು 9.2 ತಿಂಗಳೊಳಗೆ ಆಸರೆಯಿಲ್ಲದೆ ಕೂರುತ್ತಾರೆ, 17.6 ತಿಂಗಳೊಳಗೆ ತಾವಾಗಿ ನಡೆಯುತ್ತಾರೆ. ಅಂದರೆ ಒಂದೂವರೆ ವರ್ಷಕ್ಕೂ ನಡೆಯದ ಮಗುವನ್ನು "ಸ್ವಲ್ಪ ನಿಧಾನ" ಎಂದು ಬಿಡುವಂತಿಲ್ಲ. ಅಂಬೆಗಾಲಿಡದೆ ನೇರ ಎದ್ದು ನಡೆಯುವ ಮಕ್ಕಳೂ ಇದ್ದಾರೆ, ಅದೊಂದಕ್ಕೇ ಗಾಬರಿ ಬೇಡ. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಾದರೆ ಆ ಎರಡು ತಿಂಗಳು ಕಳೆದು ಲೆಕ್ಕ ಹಾಕಿ.

ಮಗು ಬೋರಲು ಬಿದ್ದದ್ದು, ಹೊಸ್ತಿಲು ದಾಟಿದ್ದು ನಮ್ಮ ಅಜ್ಜಿಯರಿಗೆ ಇಂದಿಗೂ ನೆನಪಿರುತ್ತದೆ. ಅದನ್ನೇ ತಾಯಿ ಕಾರ್ಡಿನಲ್ಲಿ ತಾರೀಖು ಹಾಕಿ ಬರೆದಿಡಿ. ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

2. ತಡ ಒಂದೇ ಗುರುತಲ್ಲ

ನಾಲ್ಕು ತಿಂಗಳಾದರೂ ಮುಷ್ಟಿ ಬಿಚ್ಚುವುದಿಲ್ಲ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿ ಇನ್ನೊಂದನ್ನು ಮರೆತಂತಿದೆ. ಎತ್ತಿ ನಿಲ್ಲಿಸಿದರೆ ಕಾಲು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ, ತುದಿಗಾಲಲ್ಲಿ ನಿಲ್ಲುತ್ತದೆ. ಅಥವಾ ಎತ್ತಿಕೊಂಡರೆ ಕಂಕುಳಿನಿಂದ ಜಾರಿಹೋಗುವಷ್ಟು ಮೈ ಸಡಿಲ. ಇವೂ ಗುರುತುಗಳೇ. ಹುಟ್ಟಿದಾಗ ಅಳದ, ತೂಕ ಕಡಿಮೆ ಇದ್ದ, ಫಿಟ್ಸ್ ಬಂದ, ಕಾಮಾಲೆ ಜೋರಾಗಿದ್ದ, ಗಾಜಿನ ಪೆಟ್ಟಿಗೆಯಲ್ಲಿದ್ದು ಬಂದ ಮಕ್ಕಳಲ್ಲಿ ಇವುಗಳ ಮೇಲೆ ಇನ್ನಷ್ಟು ಕಣ್ಣಿರಲಿ. ಕಲಿತದ್ದನ್ನು ಮಗು ಮರೆಯತೊಡಗಿದರೆ, ಕೂರುತ್ತಿದ್ದದ್ದು ಬೀಳತೊಡಗಿದರೆ, ಅದೇ ದಿನ ಆಸ್ಪತ್ರೆಗೆ ಹೊರಡಿ.

3. ಕಾಯಿಲೆಗೆ ಹೆಸರು ಸಿಗಲಿ ಎಂದು ಕೂರಬೇಡಿ

ಮಿದುಳಿಗಾದ ಪೆಟ್ಟಿನಿಂದ ಕೈಕಾಲಿನ ಚಲನೆ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯನ್ನು ಮೊದಲೆಲ್ಲ ಒಂದರಿಂದ ಎರಡು ವರ್ಷದ ನಡುವೆ ಖಚಿತಪಡಿಸುತ್ತಿದ್ದರು. ಆರು ತಿಂಗಳೊಳಗೇ ಗುರುತಿಸಲು ಸಾಧ್ಯ, ಅನುಮಾನ ಬಂದೊಡನೆ ಚಿಕಿತ್ಸೆ ಶುರುಮಾಡಬೇಕು ಎಂದು ಈ ಕ್ಷೇತ್ರದ ತಜ್ಞರು 2017ರಲ್ಲಿ ಸೇರಿ ಬರೆದರು. ಎಂ.ಆರ್.ಐ. ಆಗಲಿ, ರಿಪೋರ್ಟ್ ಬರಲಿ, ಆಮೇಲೆ ನೋಡೋಣ ಎನ್ನಬೇಡಿ. ಸರಿಯಾಗಿ ಕಲಿಸಿದ ವ್ಯಾಯಾಮದಿಂದ, ಕೊನೆಗೆ ಏನೂ ಇಲ್ಲವೆಂದಾದ ಮಗುವಿಗೂ ನಷ್ಟವಿಲ್ಲ.

4. ಬಾಗಿಲು ಯಾವುದು ಗೊತ್ತಿರಲಿ

ಮೊದಲ ಬಾಗಿಲು ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಬೆಳವಣಿಗೆ ತಡವಾಗುವುದೂ ಆ ತಪಾಸಣೆಯ ಪಟ್ಟಿಯಲ್ಲಿದೆ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಮಲಗಿಸಬೇಡಿ, ಕರೆದುಕೊಂಡೇ ಹೋಗಿ. ಅಲ್ಲಿಂದ ಚೀಟಿ ಪಡೆದು ಜಿಲ್ಲೆಯ ಡಿಇಐಸಿಗೆ, ಅಂದರೆ ಮಕ್ಕಳ ತೊಂದರೆಗೆ ಬೇಗನೆ ಚಿಕಿತ್ಸೆ ಕೊಡುವ ಕೇಂದ್ರಕ್ಕೆ ಹೋದರೆ ಮಕ್ಕಳ ವೈದ್ಯರು, ಫಿಜಿಯೋಥೆರಪಿಸ್ಟ್, ಮಾತು ಮತ್ತು ಶ್ರವಣ ತಜ್ಞರು ಒಂದೇ ಕಡೆ ನೋಡಬೇಕೆಂಬುದು ಈ ಯೋಜನೆಯ ಆಶಯ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಕೇಂದ್ರ ಸರ್ಕಾರದ ಸಿಆರ್‌ಸಿ ಕೂಡ ಇದೆ, ಅದಿರುವುದೇ ಅಂಗವಿಕಲರ ಪುನರ್ವಸತಿಗೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ ಯಾರೆಂದು ಕೇಳಿ ತಿಳಿದುಕೊಳ್ಳಿ. ಎಲ್ಲಿಗೆ, ಯಾವ ದಿನ, ಯಾವ ಕಾಗದ ಎಂದು ಹೇಳಬೇಕಾದವರು ಅವರೇ.

5. ಮನೆಯೇ ಥೆರಪಿ ಕೇಂದ್ರ

ಇದೇ ಎಲ್ಲಕ್ಕಿಂತ ದೊಡ್ಡ ಸೂತ್ರ. ವಾರಕ್ಕೊಮ್ಮೆ ದಾವಣಗೆರೆಯಲ್ಲಿ ಸಿಗುವ ಮುಕ್ಕಾಲು ಗಂಟೆಯಿಂದ ಮಾತ್ರ ಮಗು ನಡೆಯುವುದಿಲ್ಲ. ಉಳಿದ ಆರು ದಿನ ಮನೆಯಲ್ಲಿ ಏನಾಗುತ್ತದೆ ಎನ್ನುವುದೇ ಮುಖ್ಯ. ಹೊರಡುವ ಮುನ್ನ ಥೆರಪಿಸ್ಟ್‌ಗೆ ಹೇಳಿ: "ನನ್ನ ಕೈಯಲ್ಲಿ ಮಾಡಿಸಿ ನೋಡ್ರಿ, ಸರಿ ಐತೋ ಇಲ್ಲೋ ಹೇಳ್ರಿ." ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಒಂದು ಸಲಕ್ಕೆ ಮೂರು ವ್ಯಾಯಾಮ ಸಾಕು. ಹದಿನೈದು ಕೊಟ್ಟರೆ ಯಾವ ತಾಯಿಯೂ ಹದಿನೈದನ್ನೂ ಮಾಡಲಾರಳು.

ಕತ್ತು ನಿಲ್ಲದ ಮಗುವಿಗೆ ಹೀಗೆ ಮಾಡಬಹುದು. ಎಣ್ಣೆ ಹಚ್ಚಿ ಎರೆಯುವಾಗ ಅಜ್ಜಿ ಕಾಲು ಚಾಚಿ ಕೂರುವಂತೆಯೇ ಚಾಪೆಯ ಮೇಲೆ ಕೂರಿ. ಮಗುವನ್ನು ತೊಡೆಗೆ ಅಡ್ಡಲಾಗಿ ಬೋರಲು ಮಲಗಿಸಿ, ಎದೆ ತೊಡೆಯ ಮೇಲೆ, ಎರಡೂ ಕೈ ಮುಂದಕ್ಕೆ. ಎದುರಿಗೆ ಹೊಳೆಯುವ ಸ್ಟೀಲ್ ತಂಬಿಗೆ ಇಟ್ಟು ಬೆರಳಿನಿಂದ ತಟ್ಟಿ. ಸದ್ದಿಗೆ ಮಗು ತಲೆ ಎತ್ತುತ್ತದೆ, ಎರಡು ಸೆಕೆಂಡು ನಿಲ್ಲಿಸುತ್ತದೆ, ಬೀಳಿಸುತ್ತದೆ. ಬೀಳಿಸಲಿ. ಮತ್ತೆ ಎತ್ತುವವರೆಗೆ ಕಾಯಿರಿ, ಕೈಯಿಂದ ತಲೆ ಎತ್ತಿಹಿಡಿಯಬೇಡಿ. ಅತ್ತರೆ ನಿಲ್ಲಿಸಿ, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಮಾಡಿ. ದಿನಕ್ಕೆ ಐದಾರು ಸಲ, ಹಾಲು ಕುಡಿದ ಕೂಡಲೇ ಬೇಡ.

ಕೂರಲು ಕಲಿಯುವ ಮಗುವನ್ನು ಗೋಡೆಯ ಮೂಲೆಗೆ ಒರಗಿಸಿ, ಎರಡೂ ಪಕ್ಕಕ್ಕೆ ಸುತ್ತಿದ ಕಂಬಳಿ ಇಡಿ. ಮೆಕ್ಕೆಜೋಳ ಬಿಡಿಸುವ ಹೊತ್ತಿನಲ್ಲಿ ನಿಮ್ಮೆದುರೇ ಕೂರಲಿ, ಕಾಳು ಪೂರಾ ತೆಗೆದ ದಿಂಡು ಕೈಗೆ ಕೊಡಿ, ಎರಡೂ ಕೈಯಲ್ಲಿ ಹಿಡಿಯಲಿ. ನಿಲ್ಲುವ ಮಗುವಿಗೆ ಎದೆಮಟ್ಟದ ಜಗಲಿಕಟ್ಟೆಯೇ ಆಸರೆ. ಹೆಜ್ಜೆ ಇಡುವ ಮಗುವಿಗೆ ಅಂಗಳದಲ್ಲಿ ಸೊಂಟದ ಎತ್ತರಕ್ಕೆ ಎರಡು ಗಳ ಕಟ್ಟಿ. ಊರಿನ ಬಡಗಿಯಿಂದಲೇ ಇಂಥವನ್ನು ಮಾಡಿಸುವುದು ಹೇಗೆ ಎಂಬುದಕ್ಕೆ ಡೇವಿಡ್ ವರ್ನರ್ 1987ರಲ್ಲೇ ದೊಡ್ಡದೊಂದು ಪುಸ್ತಕ ಬರೆದಿದ್ದಾರೆ. ದುಬಾರಿ ಸಾಮಾನಿಲ್ಲ ಎಂದು ಯಾವ ಮಗುವಿನ ಕಲಿಕೆಯೂ ನಿಲ್ಲಬೇಕಾಗಿಲ್ಲ.

ಮಗು ತಾನೇ ಪ್ರಯತ್ನಪಟ್ಟು ಮಾಡಿದ ಚಲನೆಯಿಂದಲೇ ಮಿದುಳು ಕಲಿಯುತ್ತದೆ. ಮಲಗಿಸಿ ಕೈಕಾಲು ಎಳೆದಾಡಿದರೆ ಆ ಕಲಿಕೆ ಆಗುವುದಿಲ್ಲ.

6. ಇವನ್ನು ಮಾಡಲೇಬೇಡಿ

ವಾಕರ್ ಗಾಡಿಯಿಂದ ನಡಿಗೆ ಬೇಗ ಬರುವುದಿಲ್ಲ, ಮಗು ತುದಿಗಾಲಲ್ಲಿ ತಳ್ಳುವುದನ್ನು ಕಲಿಯುತ್ತದೆ, ಉರುಳಿಬೀಳುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ಬಿಗಿದ ಕಾಲನ್ನು ಬಲವಂತದಿಂದ ಎಳೆದು ತಿಕ್ಕುವುದು, ಬರೆ ಹಾಕಿಸುವುದು ಬೇಡವೇ ಬೇಡ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ, ವೈಕಲ್ಯ ವಾಸಿಯಾಗುತ್ತದೆಂದು ನಂಬಿ ಮಕ್ಕಳನ್ನು ಕುತ್ತಿಗೆಮಟ್ಟ ಮಣ್ಣಿನಲ್ಲಿ ಹೂತಿದ್ದರು. ಆ ತಂದೆತಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಮನೆ ಬಾಗಿಲಿಗೆ ಸಮಯಕ್ಕೆ ಸರಿಯಾಗಿ ಒಬ್ಬ ಫಿಜಿಯೋಥೆರಪಿಸ್ಟ್ ಬಂದಿದ್ದರೆ ಗ್ರಹಣಕ್ಕೆ ಕಾಯುವ ಪಾಡು ಬರುತ್ತಿತ್ತೇ ಎಂಬ ಸಂಕಟವಿದೆ.

7. ಮಲಗಿಸಿ ಉಣಿಸಬೇಡಿ

ಗಂಜಿಯಿರಲಿ ಹಾಲಿರಲಿ, ತಲೆ ಎತ್ತರದಲ್ಲಿರಲಿ, ಗದ್ದ ಸ್ವಲ್ಪ ತಗ್ಗಿರಲಿ. ಮಲಗಿಸಿ ಹುಯ್ದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು.

8. ವ್ಯಾಯಾಮವೊಂದೇ ಸಾಲದು

ಕಿವಿ, ಕಣ್ಣು, ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಥೈರಾಯ್ಡ್ ಕೊರತೆ, ಬಿ12 ಕೊರತೆ ಮಗುವನ್ನು ಹಿಂದಕ್ಕೆಳೆಯುತ್ತವೆ, ಬೇಗ ಕಂಡುಹಿಡಿದರೆ ಔಷಧವಿದೆ. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿದ್ದರೆ ಮೊದಲ ವಾರಗಳಲ್ಲೇ ಪಾನ್ಸೆಟಿ ವಿಧಾನದ ಪ್ಲಾಸ್ಟರ್ ಶುರುವಾಗಬೇಕು. ಆಮೇಲೆ ಕೊಡುವ ವಿಶೇಷ ಬೂಟನ್ನು ನಾಲ್ಕು ವರ್ಷದವರೆಗೂ ರಾತ್ರಿ ಹಾಕಿಸಬೇಕು. ಪಾದ ನೆಟ್ಟಗಾಯಿತೆಂದು ಬೂಟು ಬಿಟ್ಟ ಮನೆಗಳಲ್ಲೇ ಹೆಚ್ಚಾಗಿ ಪಾದ ಮತ್ತೆ ತಿರುಗುವುದು.

9. ತಾಯಿಯ ಬೆನ್ನೂ ಬೆನ್ನೇ

ದಾವಣಗೆರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಮೂರು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತು ಹೋಗುವ ಕಷ್ಟ ಅವಳದೇ. ಅಪ್ಪ, ಅಜ್ಜ, ಚಿಕ್ಕಮ್ಮ ಎಲ್ಲರೂ ಒಂದೊಂದು ವ್ಯಾಯಾಮ ಕಲಿಯಿರಿ. "ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೇ ಹೀಗೆ" ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಕೂಡದು.

10. ಕಾಗದಪತ್ರ ಮಾಡಿಸಿ, ಅದಕ್ಕಾಗಿ ಥೆರಪಿ ನಿಲ್ಲಿಸಬೇಡಿ

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಮತ್ತು ಬಹುವೈಕಲ್ಯ ಇರುವವರಿಗೆ ನಿರಾಮಯ ವಿಮೆ ಒಂದು ಲಕ್ಷ ರೂಪಾಯಿಯವರೆಗೆ ಇದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಮೂರು ವರ್ಷಕ್ಕೆ ಅಂಗನವಾಡಿಗೆ ಸೇರಿಸಿ, ನಡೆಯಲು ಬಾರದಿದ್ದರೂ ಸೇರಿಸಿ. ಓರಗೆಯ ಮಕ್ಕಳು ಕರೆದಾಗ ಮಗು ಮುಂದೆ ಸರಿಯುವಷ್ಟು ನಾವು ನೀವು ಕರೆದರೆ ಸರಿಯುವುದಿಲ್ಲ.

ನಿಮ್ಮ ಕೇರಿಯಲ್ಲಿ ವರ್ಷ ತುಂಬಿಯೂ ಕೂರದ ಮಗು ಇದ್ದರೆ ಈ ವಾರವೇ ಆ ಮನೆಗೆ ಹೋಗಿ. ಸಮಾಧಾನ ಹೇಳಿ ಬರಬೇಡಿ, ಆಶಾ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಿ, ಆಸ್ಪತ್ರೆಗೆ ಹೊರಡುವ ದಿನ ಗೊತ್ತುಮಾಡಿಯೇ ಬನ್ನಿ.