ಬಾಯಾರಿಕೆಯ ಹಿಂದಿನ ಶರೀರಕ್ರಿಯೆ

ಶರೀರದಲ್ಲಿ ಯಾವ ಅವಯವ ಎಲ್ಲಿದೆ ಎಂಬುದನ್ನು ತಿಳಿಸುವುದು ಶರೀರರಚನಾಶಾಸ್ತ್ರ. ಜೀವಂತ ದೇಹದಲ್ಲಿ ಆ ಅವಯವಗಳು ಹೇಗೆ ಕಾರ್ಯ ಮಾಡುತ್ತವೆ, ಒಂದಕ್ಕೊಂದು ಹೇಗೆ ನೆರವಾಗುತ್ತವೆ ಎಂಬುದನ್ನು ತಿಳಿಸುವುದು ಶರೀರಕ್ರಿಯಾಶಾಸ್ತ್ರ. ಇದರ ಸಾರವನ್ನು ನಾವು ಬಾಯಾರಿಕೆಯ ಉದಾಹರಣೆಯಿಂದಲೇ ಅರಿಯಬಹುದು.

ಹೊರಗೆ ಬಿಸಿಲಿರಲಿ, ಚಳಿಯಿರಲಿ, ಆರೋಗ್ಯವಂತರ ಒಳಮೈಯ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಇರುತ್ತದೆ. ರಕ್ತದಲ್ಲಿನ ನೀರು, ಲವಣಗಳ ಪ್ರಮಾಣವೂ ಹಾಗೆಯೇ. ದೇಹದ ಒಳಗಿನ ಪರಿಸರ ಸ್ಥಿರವಾಗಿರಬೇಕೆಂಬ ತತ್ತ್ವವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಪ್ರತಿಪಾದಿಸಿದರು. ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಈ ಸಮಸ್ಥಿತಿಗೆ ‘ಹೋಮಿಯೋಸ್ಟಾಸಿಸ್’ ಎಂದು ಹೆಸರಿಟ್ಟರು. ಆಯುರ್ವೇದವೂ ದೋಷ, ಧಾತು, ಅಗ್ನಿ, ಮಲಗಳ ಸಮತೆಯಲ್ಲಿ ಆರೋಗ್ಯವನ್ನು ಕಾಣುತ್ತದೆ.

ಬಿಸಿಲಿನಲ್ಲಿ ನಡೆಯುವಾಗ ಬೆವರು ಆರುತ್ತ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ನೀರು ಕಳೆದಂತೆ ರಕ್ತ ಸಾಂದ್ರವಾಗುತ್ತದೆ. ಈ ಸಾಂದ್ರತೆ ಶೇಕಡಾ 1ರಿಂದ 2ರಷ್ಟು ಏರಿದರೂ ಮಿದುಳಿನ ತಳಭಾಗದ ಹೈಪೊಥಲಾಮಸ್ ಅದನ್ನು ಗುರುತಿಸಿ ಎರಡು ಸೂಚನೆ ನೀಡುತ್ತದೆ. ನೀರನ್ನು ಉಳಿಸಬೇಕೆಂದು ಹಾರ್ಮೋನಿನ ಮೂಲಕ ಮೂತ್ರಪಿಂಡಗಳಿಗೆ. ನೀರು ಕುಡಿಯಬೇಕೆಂದು ಬಾಯಾರಿಕೆಯ ಮೂಲಕ ನಮಗೆ. ಆಗ ಮೂತ್ರ ಕಡಿಮೆಯಾಗಿ ಕಡುಹಳದಿಯಾಗುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಬಾಯಾರಿಕೆ ಮತ್ತು ಮೂತ್ರ ಎರಡೂ ಅವುಗಳಲ್ಲಿ ಸೇರಿವೆ. ಯುಗಾದಿಯ ಸಮಯದಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ತಾಯಂದಿರು ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರನ್ನೇ ಬಿಡುವುದುಂಟು. ಹಾಗೆ ಮಾಡಿದರೆ ಎರಡು ವೇಗಗಳನ್ನೂ ಒಟ್ಟಿಗೆ ತಡೆದಂತಾಗುತ್ತದೆ.

ವೃದ್ಧರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ನೀರು ಉಳಿಸುವ ಮೂತ್ರಪಿಂಡಗಳ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ‘ನನಗೇನೂ ನೀರಡಿಕೆಯಾಗಿಲ್ಲ’ ಎಂಬ ಹಿರಿಯರ ಮಾತನ್ನು ನೆಚ್ಚಿ ಕೂರಬಾರದು. ಬಿಸಿಲಿನ ದಿನಗಳಲ್ಲಿ ನೀರನ್ನೋ ಉಪ್ಪು ಬೆರೆಸಿದ ತಿಳಿಮಜ್ಜಿಗೆಯನ್ನೋ ಆಗಾಗ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಹೃದಯ, ಮೂತ್ರಪಿಂಡಗಳ ರೋಗವಿರುವವರು, ರಕ್ತದೊತ್ತಡದ ಮಾತ್ರೆ ಸೇವಿಸುವವರು ನೀರು, ಉಪ್ಪುಗಳ ಪ್ರಮಾಣವನ್ನು ತಮ್ಮ ವೈದ್ಯರಿಂದ ಕೇಳಿ ತಿಳಿಯಬೇಕು.

ಬಿಸಿಲಿನಲ್ಲಿ ಯಾರಾದರೂ ಮೈ ಕಾದು, ಅಸಂಬದ್ಧವಾಗಿ ಮಾತನಾಡಿದರೆ ಅಥವಾ ಎಚ್ಚರ ತಪ್ಪಿದರೆ ಅದು ಸಾಮಾನ್ಯ ದಣಿವಲ್ಲ, ಪ್ರಾಣಾಪಾಯ. ಕೂಡಲೇ 108ಕ್ಕೆ ಕರೆ ಮಾಡಿ, ನೆರಳಿಗೆ ಸಾಗಿಸಿ, ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ದೇಹವು ತನ್ನ ಸಮಸ್ಥಿತಿಯನ್ನು ಕಾಯಲು ಹಗಲಿರುಳು ದುಡಿಯುತ್ತದೆ. ಅದು ಕೇಳಿದಾಗ ನೀರು ಕೊಡುವುದು ನಮ್ಮ ಪಾಲಿನ ಕೆಲಸ. ಹಿರಿಯರ ದೇಹಕ್ಕೆ ಅದು ಕೇಳುವ ಮುನ್ನವೇ ಕೊಡೋಣ.